ನೀರಲ್ಲೇ ನಿಂತ ಅಲಸಂದೆ ಬಾಡುವುದು ಯಾಕೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ತೋಡಿನ (ಸಣ್ಣ ಹಳ್ಳದ) ಬದಿಯ ಬೈಲು ಗದ್ದೆ, ಅಂದರೆ ತಗ್ಗಿನ ಗದ್ದೆ. ಏಣೇಲು, ಅಂದರೆ ಮಳೆಗಾಲದ ಭತ್ತ, ಕೊಯ್ಲಾಗಿ ದೀಪಾವಳಿ ಕಳೆದ ಮೇಲೆ ಅರ್ಧ ಗದ್ದೆಗೆ ಅಲಸಂದೆ, ಇನ್ನರ್ಧಕ್ಕೆ ಉದ್ದು ಬಿತ್ತಿದ್ದೆವು. 35 ದಿನದ ಗಿಡ, ಅಲಸಂದೆ ಆಗಷ್ಟೇ ಮೊಗ್ಗು ಬಿಟ್ಟಿತ್ತು. ಗದ್ದೆಯ ಕೆಳಗೆ ತೋಡಿಗೆ ನೀರು ನಿಲ್ಲಿಸುವ ಕಟ್ಟ (ಅಡ್ಡಗಟ್ಟೆ) ಹಾಕಿ ವಾರವಾಗಿತ್ತು ಅಷ್ಟೇ, ಅಕಾಲ ಮಳೆ ಹೊಡೆದು ನಾಲ್ಕು ದಿನ ಗದ್ದೆಯಲ್ಲಿ ನೀರು ನಿಂತಿತು. ಈಗ ಮೇಲಿನ ನೀರು ಹೋಗಿದೆ, ಮಣ್ಣು ಪಚಪಚ ಅನ್ನುತ್ತಿದೆ. ಅಡಿ ಎಲೆ ಹಳದಿ, ಮೇಲಿನ ಎಲೆ ಜೋತುಬಿದ್ದಿದೆ, ಮೊಗ್ಗು ಉದುರುತ್ತಿದೆ. ಅಂಗಡಿಯವರು ಯೂರಿಯಾ ಹಾಕಿ, ಹಾರ್ಮೋನ್ ಟಾನಿಕ್ ಹೊಡೆಯಿರಿ ಅಂದರು. ನಮ್ಮ ಅತ್ತೆ ಮಾತ್ರ "ಗಿಡಕ್ಕೆ ಉಸಿರು ಕಟ್ಟಿದೆ, ಸುಮ್ನೆ ಏನೇನೋ ಹಾಕಬೇಡ" ಅನ್ನುತ್ತಾರೆ. ಯಾರ ಮಾತು ಕೇಳಲಿ? ನೀರಲ್ಲೇ ಇರುವ ಗಿಡ ಬಾಡುವುದು ಹೇಗೆ? ಅದೇ ಗದ್ದೆಯಲ್ಲಿ ಭತ್ತ ಮೂರು ನಾಲ್ಕು ತಿಂಗಳು ನೀರಲ್ಲೇ ಚೆನ್ನಾಗಿತ್ತಲ್ಲ?

ಉತ್ತರ: ಅತ್ತೆಯವರ ಮಾತು ಕೇಳಿ ಅಕ್ಕಾ. ಇವತ್ತೇ ಗುದ್ದಲಿ ಹಿಡಿದು ಗದ್ದೆಯ ಅಂಚಿಗೆ ನೀರು ಬಸಿಯುವ ಕಣಿ (ಸಣ್ಣ ಕಾಲುವೆ) ತೆಗೆಯಿರಿ. ಕಟ್ಟದ ಮೇಲಿನ ಒಂದೆರಡು ಹಲಗೆ ನಾಲ್ಕೈದು ದಿನಕ್ಕೆ ಎತ್ತಿಸಲು ಆಗುತ್ತದಾ ನೋಡಿ. ಯೂರಿಯಾ ಈಗ ಬೇಡ. ಹಾರ್ಮೋನು ಈಗಂತೂ ಬೇಡವೇ ಬೇಡ. ಅದಕ್ಕೂ ಒಂದು ಹೊತ್ತಿದೆ, ಆಮೇಲೆ ಹೇಳುತ್ತೇನೆ.

ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಇದು ಗೊತ್ತಾದರೆ ಮುಂದಿನ ವರ್ಷ ಅಂಗಡಿಯಲ್ಲಿ ಬಾಟಲಿ ಕೈಗೆ ಕೊಟ್ಟಾಗ ನೀವೇ ಎರಡು ಪ್ರಶ್ನೆ ಕೇಳಬಹುದು.

ಬೇರು ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಇರುವ ಗಾಳಿಯೇ ಅದಕ್ಕೆ ಆಧಾರ. ಮಳೆ ಬಂದು ಆ ಜಾಗವೆಲ್ಲ ನೀರು ತುಂಬಿಕೊಂಡರೆ ಗಾಳಿ ಹೊರಗೆ. ನೀರಲ್ಲೂ ಆಮ್ಲಜನಕ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಲೆಕ್ಕ ನೋಡಿ: ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, ನಮ್ಮ ಊರಿನ ಸೆಖೆಗೆ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ. ಆ 8 ಮುಗಿದ ಮೇಲೆ ಮೇಲಿನಿಂದ ಹೊಸದು ಬರಬೇಕಲ್ಲ, ಅಲ್ಲಿ ಇನ್ನೂ ದೊಡ್ಡ ತೊಂದರೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದೇ ಆಮ್ಲಜನಕ ಬೇಕು. ಹಾಗಾಗಿ ಒಂದೆರಡು ದಿನದಲ್ಲಿ ಎಲ್ಲ ಖಾಲಿ.

ಆಮೇಲೆ ಬೇರು ಏನು ಮಾಡುತ್ತದೆ? ಗಾಳಿ ಇಲ್ಲದೆಯೇ ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಹೇಗೋ ದಿನ ದೂಡುತ್ತದೆ. ಗಾಳಿ ಇದ್ದಾಗ ಒಂದು ಗ್ಲೂಕೋಸ್ ಕಣದಿಂದ ಮೂವತ್ತಕ್ಕೂ ಜಾಸ್ತಿ ಎಟಿಪಿ, ಅಂದರೆ ಶಕ್ತಿಯ ಬಿಡಿನಾಣ್ಯ, ಸಿಗುತ್ತಿತ್ತು. ಈಗ ಸಿಗುವುದು ಎರಡೇ ಎರಡು. ಜೊತೆಗೆ ಮದ್ಯಸಾರ, ಹುಳಿ ಎಲ್ಲ ಒಳಗೆ ಸೇರಿಕೊಳ್ಳುತ್ತದೆ. ತಿಂಗಳಿಗೆ 30 ಸಾವಿರ ಬರುತ್ತಿದ್ದ ಮನೆ 2 ಸಾವಿರದಲ್ಲಿ ನಡೆದ ಹಾಗೆ. ನಾಲ್ಕು ದಿನ ನಡೆದೀತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ನೀರಲ್ಲಿ ನಿಂತು ಬಾಡುವುದು. ಬೇರಿನ ಜೀವಕೋಶದ ಪೊರೆಯಲ್ಲಿ ನೀರು ದಾಟಲಿಕ್ಕೆಂದೇ ಸಣ್ಣ ಬಾಗಿಲುಗಳಿವೆ, ಅಕ್ವಾಪೊರಿನ್ ಅನ್ನುತ್ತಾರೆ. ಉಸಿರು ಕಟ್ಟಿ ಒಳಗೆ ಹುಳಿ ಏರಿತು ಅಂದರೆ ಈ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತಲೂ ನೀರಿದೆ, ಒಳಗೆ ಬರುವ ದಾರಿಯೇ ಇಲ್ಲ. ಮೇಲೆ ಬಿಸಿಲು ಬಿದ್ದರೆ ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಅದಕ್ಕೇ ಮಳೆ ನಿಂತು ಬಿಸಿಲು ಬಂದ ದಿನವೇ ಗಿಡ ಜಾಸ್ತಿ ಬಾಡುವುದು. ಗಿಡ ಆಗ ಆಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನು ಹೆಚ್ಚಿಸಿಕೊಂಡು ಎಲೆಯ ರಂಧ್ರ ಮುಚ್ಚುತ್ತದೆ. ನೀರು ಉಳಿಯುತ್ತದೆ, ಆದರೆ ರಂಧ್ರ ಮುಚ್ಚಿದ ಎಲೆ ಅಡುಗೆಯನ್ನೂ ನಿಲ್ಲಿಸಿದ ಹಾಗೆ. ಬೆಳವಣಿಗೆ ನಿಂತಿತು.

ಈಗ ಹಾರ್ಮೋನಿನ ದೊಡ್ಡ ಕಥೆ. ಇದರ ನಾಯಕ ಎಥಿಲೀನ್ ಅನ್ನುವ ಅನಿಲ. ಹೆಸರು ಹೊಸದಿರಬಹುದು, ವಸ್ತು ನಿಮಗೆ ಹೊಸದಲ್ಲ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಾರಲ್ಲ, ಆ ಹೊಗೆಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಇದೇ. ರಬ್ಬರ್ ಟ್ಯಾಪಿಂಗಿನವರು ಹಾಲು ಜಾಸ್ತಿ ಬರಲು ಪಟ್ಟೆಗೆ ಹಚ್ಚುವ ಎಥೆಫಾನ್ ಮರದೊಳಗೆ ಬಿಡುವುದೂ ಇದನ್ನೇ. ಇದು ಗಿಡದ ಮೇಲೆ ಏನು ಮಾಡುತ್ತದೆ ಅಂತ ಮೊದಲು ಗೊತ್ತಾದದ್ದು ಒಂದು ದ್ವಿದಳ ಧಾನ್ಯದ ಗಿಡದಲ್ಲೇ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೋವ್ ಅನ್ನುವವರು ಬಟಾಣಿ ಮೊಳಕೆ ಬೆಳೆಸುತ್ತಿದ್ದರು. ಪ್ರಯೋಗಾಲಯದ ಒಳಗೆ ಮೊಳಕೆ ಗಿಡ್ಡವಾಗಿ, ದಪ್ಪವಾಗಿ, ಅಡ್ಡಕ್ಕೆ ಬೆಳೆಯುತ್ತಿತ್ತು. ಹೊರಗಿನ ಗಾಳಿ ಕೊಟ್ಟರೆ ನೆಟ್ಟಗೆ. ದೀಪ ಉರಿಸುವ ಗ್ಯಾಸಿನಲ್ಲಿದ್ದ ಎಥಿಲೀನೇ ಇದಕ್ಕೆ ಕಾರಣ ಅಂತ 1901ರಲ್ಲಿ ತೋರಿಸಿದರು. ಗಿಡ ತಾನೇ ಈ ಅನಿಲವನ್ನು ಮಾಡುತ್ತದೆ ಅಂತ ರುಜುವಾತಾಗಲು 1934 ಆಯಿತು.

ನಿಂತ ನೀರಿನಲ್ಲಿ ಎಥಿಲೀನಿಗೆ ಬೇರಿನ ಹತ್ತಿರದಿಂದ ಹೊರಗೆ ಹೋಗಲು ಆಗುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಇದು ಒಂದು. ಇನ್ನೊಂದು ಇದಕ್ಕಿಂತ ಸ್ವಾರಸ್ಯದ್ದು. ಎಥಿಲೀನ್ ತಯಾರಾಗುವ ಹಿಂದಿನ ಮೆಟ್ಟಿಲಿನಲ್ಲಿ ಎಸಿಸಿ ಅನ್ನುವ ಕಚ್ಚಾ ಸಾಮಾನು ಬರುತ್ತದೆ. ಎಸಿಸಿ ಮಾಡಲು ಆಮ್ಲಜನಕ ಬೇಡ. ಎಸಿಸಿಯನ್ನು ಎಥಿಲೀನ್ ಮಾಡಲು ಬೇಕು. ಬೇರಿನಲ್ಲಿ ಆಮ್ಲಜನಕ ಇಲ್ಲವಲ್ಲ? ಹಾಗಾಗಿ ಬೇರು ಎಸಿಸಿ ಮಾಡಿ ಮಾಡಿ ರಾಶಿ ಹಾಕುತ್ತದೆ, ಅದು ರಸದ ಜೊತೆ ಕಾಂಡಕ್ಕೆ ಏರುತ್ತದೆ, ಮೇಲೆ ಎಲೆಯಲ್ಲಿ ಗಾಳಿ ಧಾರಾಳ ಇರುವುದರಿಂದ ಅಲ್ಲಿ ಎಥಿಲೀನ್ ಆಗುತ್ತದೆ. ಅಂದರೆ ಕಷ್ಟ ಬಂದದ್ದು ಬೇರಿಗೆ, ಸುದ್ದಿ ಮುಟ್ಟಿದ್ದು ಎಲೆಗೆ. ಕ್ಯಾಲಿಫೋರ್ನಿಯಾದಲ್ಲಿ ಬ್ರಾಡ್‌ಫರ್ಡ್ ಮತ್ತು ಯಾಂಗ್ ಅನ್ನುವ ಇಬ್ಬರು ಇದನ್ನು ಟೊಮೆಟೊ ಗಿಡದಲ್ಲಿ 1980ರಲ್ಲಿ ಹಿಡಿದು ತೋರಿಸಿದರು.

ಸುದ್ದಿ ಮುಟ್ಟಿದ ಮೇಲೆ ಆಗುವುದೆಲ್ಲ ನಿಮ್ಮ ಗದ್ದೆಯಲ್ಲೇ ಕಾಣುತ್ತಿದೆ. ಎಲೆಯ ತೊಟ್ಟು ಕೆಳಕ್ಕೆ ಬಾಗುತ್ತದೆ. ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಎಲೆ ಬಟ್ಟೆಯ ಹಾಗೆ ಮೆತ್ತಗಿದ್ದರೆ ಅದು ನೀರಿಲ್ಲದೆ ಬಾಡಿದ್ದು. ಎಲೆ ಗಟ್ಟಿಯಾಗೇ ಇದ್ದು ತೊಟ್ಟು ಮಾತ್ರ ಬಾಗಿದ್ದರೆ ಅದು ಎಥಿಲೀನಿನ ಕೆಲಸ. ಟೊಮೆಟೊದಲ್ಲಿ ಇದು ಎದ್ದು ಕಾಣುತ್ತದೆ, ಅಲಸಂದೆಯಲ್ಲಿ ಅಷ್ಟಿಲ್ಲ, ಎರಡೂ ಕಲಸಿಕೊಂಡಿರುತ್ತದೆ. ಮೊಗ್ಗಿನ ತೊಟ್ಟಿನಲ್ಲಿ ಒಂದು ಸಡಿಲ ಪದರ ಇರುತ್ತದೆ. ಮೊಗ್ಗಿನಿಂದ ಆಕ್ಸಿನ್ ಅನ್ನುವ ಹಾರ್ಮೋನು ಹರಿದು ಬರುತ್ತಿರುವಷ್ಟು ದಿನ ಅದು ಬಿಗಿಯಾಗಿರುತ್ತದೆ. ಆಕ್ಸಿನ್ ಕಡಿಮೆಯಾಗಿ ಎಥಿಲೀನ್ ಜಾಸ್ತಿಯಾದರೆ ಪದರ ಬಿಡುತ್ತದೆ, ಮೊಗ್ಗು ಪಟಪಟ ಉದುರುತ್ತದೆ. ಇನ್ನು ಬೇರಿನ ತುದಿಯಿಂದ ಮೇಲೆ ಹೋಗುತ್ತಿದ್ದ ಸೈಟೊಕೈನಿನ್, ಅಂದರೆ ಎಲೆಯನ್ನು ಹಸಿರಾಗಿಡುವ ಹಾರ್ಮೋನು, ಅದೂ ಕಡಿಮೆಯಾಗುತ್ತದೆ. ಅಡಿ ಎಲೆಯ ಸಾರಜನಕವನ್ನು ಕಿತ್ತು ಗಿಡ ಮೇಲಿನ ಚಿಗುರಿಗೆ ಸಾಗಿಸುತ್ತದೆ. ಅದಕ್ಕೇ ಹಳದಿ ಕೆಳಗಿನಿಂದ ಶುರುವಾಗುವುದು.

ಈಗ ಭತ್ತದ ವಿಷಯ. ಭತ್ತದ ಬೇರನ್ನು ಅಡ್ಡ ಕೊಯ್ದರೆ ಒಳಗೆ ಜೇನುಹುಟ್ಟಿನ ಹಾಗೆ ತೂತುಗಳು. ಎಲೆಯಿಂದ ಬೇರಿನ ತುದಿಯವರೆಗೆ ಗಾಳಿಯ ಪೈಪು ಹಾಕಿಕೊಂಡೇ ಹುಟ್ಟುವ ಗಿಡ ಅದು. ನಾಟಿಯಾಗಿ ತಿಂಗಳು ಕಳೆದ ಭತ್ತವನ್ನು ಕಿತ್ತಾಗ ಬೇರು ಕೆಂಪು ಕೆಂಪಾಗಿರುತ್ತದಲ್ಲ, ಅದು ಮಣ್ಣು ಅಂಟಿದ್ದಲ್ಲ, ತೊಳೆದರೂ ಹೋಗುವುದಿಲ್ಲ. ಬೇರಿನಿಂದ ಹೊರಗೆ ಸೋರಿದ ಆಮ್ಲಜನಕ ತಾಗಿ ಕೆಸರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಕೂತದ್ದು. ಅಲಸಂದೆ, ಉದ್ದಿಗೆ ಈ ಸೌಕರ್ಯ ಇಲ್ಲ. ಹಾಗಂತ ಸುಮ್ನೆ ಕೂರುವುದೂ ಇಲ್ಲ. ಬುಡದ ಹತ್ತಿರ ಬಗ್ಗಿ ನೋಡಿ, ನೀರು ನಿಂತಿದ್ದ ಮಟ್ಟದಲ್ಲಿ ಕಾಂಡ ಸ್ವಲ್ಪ ಊದಿಕೊಂಡು ಬಿಳಿ ಬಿಳಿ ಹೊಸ ಬೇರು ಬಂದಿರಬಹುದು. ಇದೂ ಎಥಿಲೀನ್ ಮತ್ತು ಆಕ್ಸಿನ್ ಸೇರಿ ಮಾಡಿದ್ದೇ. ಹಳೆ ಬೇರು ಕೈಕೊಟ್ಟಿತು, ಗಾಳಿ ಸಿಗುವಲ್ಲಿ ಹೊಸದು ಬಿಡೋಣ ಅಂತ.

ಇಲ್ಲೇ ನನ್ನ ಮಾತಿನ ತಿರುಳು ಇರುವುದು. ಎಥಿಲೀನ್ ಹಾಳು, ಅದನ್ನು ಹತ್ತಿಕ್ಕಬೇಕು ಅಂತ ಹೊರಟರೆ ತಪ್ಪಾಗುತ್ತದೆ. ಎಲೆ ಉದುರಿಸುವುದೂ ಅದೇ, ಹೊಸ ಬೇರು ಬಿಡಿಸುವುದೂ ಅದೇ. ನಾಯಿ ಬೊಗಳುತ್ತಿದೆ ಅಂತ ನಾಯಿಗೆ ಹೊಡೆದರೆ ಅಂಗಳಕ್ಕೆ ಬಂದ ಕಳ್ಳ ಹೋಗುತ್ತಾನಾ? ಇಲ್ಲಿ ಕಳ್ಳ ಬೇರಿನ ಬುಡದ ನೀರು.

ದ್ವಿದಳ ಧಾನ್ಯಕ್ಕೆ ಬೇರೆ ಗಿಡಕ್ಕಿಲ್ಲದ ಇನ್ನೊಂದು ಕಷ್ಟ ಇದೆ, ಬೇರಿನ ಗಂಟು. ಆ ಗಂಟಿನೊಳಗಿನ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ ಅಂತ ನಿಮಗೆ ಗೊತ್ತು. ಅದು ಪುಕ್ಕಟೆ ಕೆಲಸ ಅಲ್ಲ. ಒಂದು ಸಾರಜನಕದ ಕಣ ಒಡೆಯಲು ಕಡಿಮೆಯೆಂದರೂ 16 ಎಟಿಪಿ ಬೇಕು. ಗ್ಲೂಕೋಸಿನಿಂದ ಎರಡೇ ಸಿಗುವ ಹೊತ್ತಿನಲ್ಲಿ 16 ಎಲ್ಲಿಂದ ತರುವುದು? ಹಾಗಾಗಿ ಮೊದಲು ಬಾಗಿಲು ಹಾಕುವುದು ಈ ಗಂಟು. ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ಸಂಬಂಧಿಯೊಂದು ಇದೆ, ಲೆಗ್‌ಹಿಮೋಗ್ಲೋಬಿನ್. ಅಗತ್ಯ ಇದ್ದಷ್ಟೇ ಆಮ್ಲಜನಕವನ್ನು ಅಳೆದು ಬಡಿಸುವ ಕೆಲಸ ಅದರದ್ದು. ಅದಕ್ಕೇ ಒಳ್ಳೆಯ ಗಂಟನ್ನು ಉಗುರಲ್ಲಿ ಸೀಳಿದರೆ ಒಳಗೆ ಕೆಂಪು.

ಇದನ್ನು ನೀವು ಈಗಲೇ ಮಾಡಿ ನೋಡಿ. ಒಂದು ಗಿಡವನ್ನು ಎಳೆಯಬೇಡಿ, ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ ಬಾಲ್ದಿ ನೀರಲ್ಲಿ ಅದ್ದಿ ಮಣ್ಣು ಬಿಡಿಸಿ. ಹತ್ತು ಗಂಟು ಸೀಳಿ. ಕೆಂಪು ಅಥವಾ ನಸುಗೆಂಪು ಇದ್ದರೆ ಜೀವ ಇದೆ. ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿಯಿತು. ಬಿಳಿ ಇದ್ದರೆ ಎಳೆಯದು, ಇಲ್ಲವೇ ಕೆಲಸಕ್ಕೆ ಬಾರದ್ದು. ಬೇರನ್ನು ಮೂಸಿಯೂ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಣ್ಣು ತುಂಬಾ ದಿನದಿಂದ ಉಸಿರು ಕಟ್ಟಿಕೊಂಡಿದೆ ಅಂತ ಅರ್ಥ.

ಹೊಸ ಗಂಟು ಆಗುವುದಕ್ಕೂ ಎಥಿಲೀನ್ ಅಡ್ಡ. ಮೇವಿನ ಸೊಪ್ಪಿನ ಜಾತಿಯ ಒಂದು ದ್ವಿದಳ ಗಿಡದಲ್ಲಿ ಎಥಿಲೀನಿನ ಮಾತು ಕೇಳಿಸದ ತಳಿಯೊಂದು ಸಿಕ್ಕಿತ್ತು, ಅದರಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಗಂಟು. 1997ರಲ್ಲಿ ಪ್ರಕಟವಾದ ಕೆಲಸ, ಪೆನ್ಮೆತ್ಸ ಮತ್ತು ಕುಕ್ ಅನ್ನುವವರದ್ದು. ಅಂದರೆ ಎಷ್ಟು ಗಂಟು ಸಾಕು ಅಂತ ಗಿಡ ಲೆಕ್ಕ ಇಡುವುದೇ ಎಥಿಲೀನಿನಿಂದ. ನೀರು ನಿಂತು ಎಥಿಲೀನ್ ಏರಿದರೆ ಆ ಲೆಕ್ಕವೂ ತಪ್ಪುತ್ತದೆ.

ನಮ್ಮ ಜಿಲ್ಲೆಯ ಮಣ್ಣಿನದ್ದು ಬೇರೆಯೇ ಕಿರಿಕಿರಿ. ಮೇಲೆ ಗುಡ್ಡವೆಲ್ಲ ಮುರಕಲ್ಲು, ಕಬ್ಬಿಣದ ಗಣಿಯ ಹಾಗೆ. ಅದರ ಒಸರು ಇಳಿಯುವುದು ಬೈಲಿಗೆ. ಗಾಳಿ ಇಲ್ಲದ ಮಣ್ಣಿನಲ್ಲಿ ಈ ಕಬ್ಬಿಣ ಕರಗಿ ಬೇರಿಗೆ ನಂಜಾಗುತ್ತದೆ. ಕಣಿಯ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ಪೊರೆ ಕಂಡಿದ್ದೀರಾ? ಕಡ್ಡಿಯಲ್ಲಿ ಒಮ್ಮೆ ಚುಚ್ಚಿ. ಒಡೆದ ಗಾಜಿನ ಹಾಗೆ ಚೂರು ಚೂರಾದರೆ ಅದು ಕಬ್ಬಿಣದ್ದು. ಒಡೆಯದೆ ಮತ್ತೆ ಕೂಡಿಕೊಂಡರೆ ಪಂಪಿನ ಡೀಸೆಲ್ ಸೋರಿದೆ ಅಂತ ತಿಳಿಯಿರಿ.

ಕಟ್ಟದ ವಿಷಯಕ್ಕೆ ಬರುತ್ತೇನೆ. ಕಟ್ಟ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ, ನಮ್ಮ ಕಡೆ ಫೆಬ್ರವರಿ ಮಾರ್ಚಿನಲ್ಲಿ ಬಾವಿಯಲ್ಲಿ ನೀರು ನಿಲ್ಲುವುದು, ಅಡಿಕೆ ತೋಟ ಹಸಿರಾಗಿರುವುದು ಅದರಿಂದಲೇ. ಆದರೆ ತೋಡಿನಲ್ಲಿ ನೀರು ಏರಿದರೆ ಬದಿಯ ಬೈಲಿನಲ್ಲಿ ನೆಲದಡಿಯ ನೀರೂ ಏರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಂದು ಗೇಣು ಕೆಳಗೆ ಬೇರು ನೀರಲ್ಲೇ ಇರುತ್ತದೆ. ಗದ್ದೆಯ ಮಧ್ಯೆ ಒಂದೂವರೆ ಅಡಿ ಗುಂಡಿ ತೆಗೆದು ಮರುದಿನ ಬೆಳಿಗ್ಗೆ ನೋಡಿ. ಒಂದಡಿಯ ಒಳಗೇ ನೀರು ಕಂಡರೆ ನಿಮ್ಮ ಸಮಸ್ಯೆ ಮಳೆಯದ್ದು ಮಾತ್ರ ಅಲ್ಲ. ಇಲ್ಲಿ ಒಂದು ವಿಚಿತ್ರ ಇದೆ. ಆಸ್ಟ್ರೇಲಿಯಾದಲ್ಲಿ ಸೋಯಾಬೀನನ್ನು ಸಾಲು ಏರಿಯ ಮೇಲೆ ಬೆಳೆಸಿ ಪಕ್ಕದ ಕಾಲುವೆಯಲ್ಲಿ ಯಾವಾಗಲೂ ಒಂದೇ ಮಟ್ಟದ ನೀರು ನಿಲ್ಲಿಸಿ ನೋಡಿದ್ದಾರೆ. ಮೊದಲು ಗಿಡ ಹಳದಿಯಾಗಿ ಕೆಲವು ವಾರ ಮಂಕಾಯಿತು, ಆಮೇಲೆ ನೀರಿನ ಮಟ್ಟದ ಮೇಲೆ ಹೊಸ ಬೇರು, ಹೊಸ ಗಂಟು ಬಿಟ್ಟು ಚೆನ್ನಾಗಿ ಫಸಲು ಕೊಟ್ಟಿತು. ಅಂದರೆ ಏರದೆ ಇಳಿಯದೆ ಒಂದೇ ಕಡೆ ನಿಂತ ನೀರಿಗೆ ಗಿಡ ಒಗ್ಗಿಕೊಳ್ಳಬಲ್ಲದು. ಇವತ್ತು ಬುಡ ಮುಳುಗಿಸಿ ನಾಳೆ ಒಣಗಿಸಿ ನಾಡಿದ್ದು ಮತ್ತೆ ಮುಳುಗಿಸಿದರೆ ಕಷ್ಟ. ಸೋಯಾದಷ್ಟು ತಾಳ್ಮೆ ಅಲಸಂದೆ, ಉದ್ದಿಗೆ ಇಲ್ಲ ಅನ್ನುವುದನ್ನೂ ಮರೆಯಬೇಡಿ. ಹೆಸರು, ತೊಗರಿ ಇನ್ನೂ ಸೂಕ್ಷ್ಮ.

ಸರಿ, ಈಗ ಮಾಡುವುದು ಏನು? ಗದ್ದೆಯ ಸುತ್ತ ಹುಣಿಯ (ಬದುವಿನ) ಒಳಬದಿಗೆ ಒಂದಡಿ ಆಳದ ಕಣಿ, ಮಧ್ಯೆ ಎರಡು ಮೂರು ಮೀಟರಿಗೊಂದು ಸಣ್ಣ ಕಣಿ, ಎಲ್ಲ ತಗ್ಗಿನ ಕಡೆ ಸೇರಬೇಕು. ಕಣಿಯ ಮಣ್ಣನ್ನು ಅಲ್ಲೇ ಬುಡಕ್ಕೆ ಎಳೆಯಬೇಡಿ, ಹಸಿ ಕೆಸರು ಬುಡಕ್ಕೆ ಬಿದ್ದರೆ ಹೊಸ ಬೇರಿಗೂ ಉಸಿರು ಕಟ್ಟುತ್ತದೆ. ನಾಲ್ಕು ದಿನ ಆರಲಿ. ಮಣ್ಣು ಕೈಗೆ ಅಂಟದೆ ಪುಡಿಯಾಗುವ ಹದಕ್ಕೆ ಬಂದಾಗ ಮೇಲೆ ಮೇಲೆ ಕೆದಕಿ, ಬುಡಕ್ಕೆ ಸುಡುಮಣ್ಣು ಅಥವಾ ಒಣ ಹಟ್ಟಿಗೊಬ್ಬರದ ಪುಡಿ ಕೊಡಿ. ಬುಡ ಕೊಳೆಯುವ ಶಿಲೀಂಧ್ರಕ್ಕೆ ಈಗ ಹಬ್ಬ, ಹಟ್ಟಿಗೊಬ್ಬರಕ್ಕೆ ಅದನ್ನು ಹತ್ತಿಕ್ಕುವ ಟ್ರೈಕೋಡರ್ಮ ಅನ್ನುವ ಒಳ್ಳೆಯ ಶಿಲೀಂಧ್ರ ಬೆರೆಸಿ ಕೊಟ್ಟರೆ ಒಳ್ಳೆಯದು. ಹಸಿ ಗದ್ದೆಯೊಳಗೆ ಓಡಾಡಬೇಡಿ, ತುಳಿದಷ್ಟೂ ಮಣ್ಣು ಗಟ್ಟಿಯಾಗುತ್ತದೆ.

ಯೂರಿಯಾ ಈಗ ಯಾಕೆ ಬೇಡ ಅಂದರೆ, ತೆಗೆದುಕೊಳ್ಳಲು ಬೇರಿಗೆ ತ್ರಾಣ ಇಲ್ಲ, ಮಣ್ಣು ಹೀಗೆ ಅರೆಹಸಿ ಇರುವಾಗ ಹಾಕಿದ ಸಾರಜನಕ ಅನಿಲವಾಗಿ ಹಾರಿ ಹೋಗುವುದೇ ಜಾಸ್ತಿ. ಉಳಿದದ್ದು ಗಂಟಿಗೆ "ನೀನು ಬೇಡ" ಅಂದ ಹಾಗೆ ಆಗುತ್ತದೆ. ಎಲೆ ಚೇತರಿಸಿದ ಮೇಲೆ, ಅಂದರೆ ಬೆಳಿಗ್ಗೆ ಹತ್ತು ಗಂಟೆಗೂ ಎಲೆ ನೆಟ್ಟಗೆ ನಿಲ್ಲಲು ಶುರುವಾದ ಮೇಲೆ, ಎಲೆಗೆ ಡಿಎಪಿ ಸಿಂಪಡಿಸಿ. ಲೀಟರಿಗೆ 20 ಗ್ರಾಂ, ಹಿಂದಿನ ರಾತ್ರಿ ನೆನೆಹಾಕಿ ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿ, ಸಂಜೆ ಹೊತ್ತಿಗೆ.

ಹಾರ್ಮೋನಿನ ಹೊತ್ತು ಇದೇ ಡಿಎಪಿಯ ಹೊತ್ತು, ಅದಕ್ಕಿಂತ ಮುಂಚೆ ಅಲ್ಲ. ಅಂಗಡಿಯ ಬಾಟಲಿಯಲ್ಲಿ ಏನಿದೆ ಅಂತ ಲೇಬಲ್ ಓದಿ. ಎನ್‌ಎಎ ಇದ್ದರೆ ಅದು ಆಕ್ಸಿನ್ ಗುಂಪಿನದ್ದು, ಮೊಗ್ಗು ಉದುರುವುದನ್ನು ತಡೆಯುತ್ತದೆ ಅನ್ನುವುದು ಸುಳ್ಳಲ್ಲ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಉದ್ದಿಗೆ ಹೂ ಬಿಡುವ ಮುಂಚೆ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ, ಲೀಟರಿಗೆ 40 ಮಿಲಿಗ್ರಾಂ ಹೇಳುತ್ತದೆ. ಶೇಕಡಾ 4.5ರ ಬಾಟಲಿಯಾದರೆ ಲೀಟರಿಗೆ ಒಂದು ಮಿಲಿಯೂ ಪೂರ್ತಿ ಬೇಡ. ಈ ಅಳತೆ ಗದ್ದೆ ಸರಿ ಇದ್ದಾಗಿನದ್ದು. ಆಕ್ಸಿನ್ ಜಾಸ್ತಿಯಾದರೆ ಗಿಡ ಅದಕ್ಕೆ ಉತ್ತರವಾಗಿ ಇನ್ನಷ್ಟು ಎಸಿಸಿ ಮಾಡುತ್ತದೆ, ಎಸಿಸಿ ಎಥಿಲೀನ್ ಆಗುತ್ತದೆ. ಮೊದಲೇ ಎಸಿಸಿಯ ರಾಶಿ ಹೊತ್ತು ನಿಂತ ಗಿಡಕ್ಕೆ ಈಗ ಹೊಡೆದರೆ ಉರಿಯುವ ಒಲೆಗೆ ಸೀಮೆಎಣ್ಣೆ. 2,4-ಡಿ ಅನ್ನುವ ಕಳೆನಾಶಕವೂ ಆಕ್ಸಿನ್ ಜಾತಿಯದ್ದೇ ಅಂದರೆ ನಂಬುತ್ತೀರಾ? ಅಳತೆಯ ವ್ಯತ್ಯಾಸ ಅಷ್ಟು ದೊಡ್ಡದು.

ನಾನೇ ಒಮ್ಮೆ ಮನೆಯ ಹಿತ್ತಿಲಿನ ಅಲಸಂದೆಗೆ ಅಳೆಯುವ ಲೋಟ ಸಿಗಲಿಲ್ಲ ಅಂತ ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿದು ಹೊಡೆದಿದ್ದೆ. ಮೂರನೇ ದಿನ ಚಿಗುರೆಲ್ಲ ಹಪ್ಪಳ ಸುಟ್ಟ ಹಾಗೆ ಮುರುಟಿತ್ತು. ಮನೆಯವಳು ಏನೂ ಅನ್ನಲಿಲ್ಲ, ಆ ವಾರ ಪೂರ್ತಿ ಪೇಟೆಯಿಂದ ತಂದ ತೊಂಡೆಕಾಯಿ ಪಲ್ಯ ಮಾಡಿದಳು.

ಇನ್ನೊಂದು ಮಾತು. ನಿಮ್ಮ ಪೆರ್ಲ ಇರುವ ಎಣ್ಮಕಜೆಯ ಕಡೆಯವರಿಗೆ ಸಿಂಪಡಣೆ ಅಂದರೆ ಮನಸ್ಸು ಹಿಂಜರಿಯುವುದು ಸಹಜ, ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಊರು ಅದು. ಎನ್‌ಎಎ ಆ ಥರದ ವಿಷ ಅಲ್ಲ. ಆದರೂ ಬೇಡ ಅನಿಸಿದರೆ ಬಿಡಿ, ನೀರು ಬಸಿದ ಗದ್ದೆಯಲ್ಲಿ ಎರಡನೇ ಸಲದ ಮೊಗ್ಗು ತಾನಾಗಿಯೇ ಬರುತ್ತದೆ. ಅಲಸಂದೆಗೆ ಆ ಗುಣ ಇದೆ.

ಮುಂದಿನ ಸಲಕ್ಕೆ ಕೆಲವೇ ಬದಲಾವಣೆ ಸಾಕು. ಬೈಲಿನಲ್ಲಿ ಸಪಾಟು ಬಿತ್ತಬೇಡಿ, ಒಂದು ಗೇಣು ಎತ್ತರದ ಏರಿ ಮಾಡಿ ಅದರ ಮೇಲೆ ಬಿತ್ತಿ. ಬೀಜಕ್ಕೆ ರೈಜೋಬಿಯಂ ಹಚ್ಚುವಾಗ ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿ ಕಲಸಿ, ನೆರಳಲ್ಲಿ ಆರಿಸಿ. ನಮ್ಮ ಹುಳಿ ಮಣ್ಣಿಗೆ ಬಿತ್ತುವ ಎರಡು ವಾರ ಮೊದಲು ಸುಣ್ಣ ಕೊಟ್ಟರೆ ಗಂಟು ಚೆನ್ನಾಗಿ ಕಟ್ಟುತ್ತದೆ. ಬೈಲಿಗಿಂತ ಎತ್ತರದ ಮಜಲು ಗದ್ದೆ ಇದ್ದರೆ ಉದ್ದನ್ನು ಅಲ್ಲಿಗೇ ಹಾಕಿ.

ಗಿಡ ಉಳಿಯುತ್ತದಾ ಇಲ್ಲವಾ ಅಂತ ನಿರ್ಧರಿಸಲು ಕಣಿ ತೆಗೆದ ಹತ್ತನೇ ದಿನ ಮತ್ತೆ ಗಿಡ ಎತ್ತಿ ನೋಡಿ. ಗದ್ದೆಯ ನಾಲ್ಕು ಮೂಲೆ, ಮಧ್ಯ, ಹೀಗೆ ಐದು ಕಡೆಯಿಂದ. ಮೂರು ಕಡೆಯಾದರೂ ಬುಡದಲ್ಲಿ ಬಿಳಿ ಬೇರು, ಅದರಲ್ಲಿ ಸಣ್ಣ ಹೊಸ ಗಂಟು ಕಂಡರೆ ಕಾಯಿರಿ. ಎಲ್ಲ ಕಡೆ ಬೇರು ಕಪ್ಪಾಗಿ, ಚಿವುಟಿದರೆ ಸಿಪ್ಪೆ ಜಾರಿ ಬಂದರೆ ಉತ್ತು ಮಣ್ಣಿಗೆ ಸೇರಿಸಿ. ಡಿಸೆಂಬರ್ ಮುಗಿಯುವುದರೊಳಗೆ ಆದರೆ ಅದೇ ಜಾಗಕ್ಕೆ ಏರಿ ಮಾಡಿ ಮತ್ತೊಮ್ಮೆ ಅಲಸಂದೆ ಬಿತ್ತಲು ತೊಂದರೆ ಇಲ್ಲ, ಕಟ್ಟದ ತೇವ ಹೇಗೂ ಇರುತ್ತದೆ.